ಸ್ಪಷ್ಟನೆ: ‘ಇಂತಿ ನಿಮ್ಮ ಆಶಾ’ ಹಿಂದಿ ‘ಅನುಪಮಾ’ದಿಂದ ಕದ್ದ ಕಥೆ ಅಲ್ಲ

ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: ಸ್ಟಾರ್ ಸುವರ್ಣದ ‘ಇಂತಿ ನಿಮ್ಮ ಆಶಾ’ ಹಿಂದಿ ‘ಅನುಪಮಾ’ವನ್ನು ಕದ್ದು ಮಾಡಿದ ಧಾರಾವಾಹಿಯಂತೆ. ಇದು ತಪ್ಪು.

ಮೂಲ ಕಥೆ ಹಿಂದಿಯದ್ದೇ ಅಲ್ಲ. ಅದು ಬಂಗಾಳಿಯ ‘ಶ್ರೀಮಯಿ’, ಸ್ಟಾರ್ ಜಲ್ಸಾದಲ್ಲಿ 2019ರ ಜೂನ್‌ನಲ್ಲಿ ಶುರುವಾಯಿತು, ಇಂದ್ರಾಣಿ ಹಾಲ್ದಾರ್ ನಾಯಕಿ. ‘ಅನುಪಮಾ’ ಬಂದದ್ದು 2020ರ ಜುಲೈನಲ್ಲಿ, ಅಂದರೆ ಒಂದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಮರಾಠಿ, ಮಲಯಾಳಂನಲ್ಲೂ ಇದೇ ಕಥೆ ಬಂದಾಗಿತ್ತು. ಈ ಚಾನೆಲ್‌ಗಳೆಲ್ಲ ಒಂದೇ ಸ್ಟಾರ್ ಬಳಗದವು, ತಮ್ಮದೇ ಕಥೆಯನ್ನು ಭಾಷೆ ಭಾಷೆಗೆ ರೀಮೇಕ್ ಮಾಡಿಕೊಂಡರು. ಇದರಲ್ಲಿ ಕಳ್ಳತನ ಎಲ್ಲಿದೆ?

ಗೊಂದಲ ಯಾಕೆ ಅಂತ ಅರ್ಥವಾಗುತ್ತದೆ. ಎಲ್ಲದರಲ್ಲೂ ಒಬ್ಬ ಗೃಹಿಣಿ, ಮನೆಗಾಗಿ ಜೀವ ಸವೆಸಿದವಳು, ಗಂಡನಿಗೆ ಆಫೀಸಿನ ಹೆಂಗಸಿನ ಜೊತೆ ಸಂಬಂಧ, ಮಕ್ಕಳಿಗೂ ಅಮ್ಮ ಅಂದ್ರೆ ಸಸಾರ, ಎಲ್ಲರ ಮುಂದೆ ಅವಳಿಗೇ ಅವಮಾನ. ನಮ್ಮಮ್ಮನ ವಯಸ್ಸಿನವರು ಕಣ್ಣೀರು ಹಾಕಿ ನೋಡಿದ್ದು ಸುಮ್ನೆ ಅಲ್ಲ. ಇಂಥ ಮನೆಗಳು ಎಲ್ಲ ಕಡೆ ಇವೆ ಅಲ್ವಾ, ಹಾಗಾಗಿಯೇ ಕಥೆ ಇಷ್ಟು ಭಾಷೆಗಳಲ್ಲಿ ನಿಂತಿತು.

ಇನ್ನೊಂದು ಮಾತು. ‘ಶ್ರೀಮಯಿ’ಯಲ್ಲಿ ಗಂಡನ ಆಫೀಸಿನ ಆ ಹೆಂಗಸಿನ ಹೆಸರು ‘ಜೂನ್’, ಆ ಪಾತ್ರ ಮಾಡಿದವರು ಉಷಸಿ ಚಕ್ರವರ್ತಿ. ‘ಜೂನ್ ಆಂಟಿ’ ಅಂತ ಅವರ ಮೇಲೆ ರಾಶಿ ರಾಶಿ ಮೀಮ್ ಬಂದವು. ಪಾತ್ರದ ತಪ್ಪಿಗೆ ನಟಿಯನ್ನು ಬೈಯಬೇಡಿ, ದಯವಿಟ್ಟು. ಕನ್ನಡ ತಂಡಕ್ಕೆ ‘ಕಳ್ಳರು’ ಅನ್ನುವ ಆ ಮೆಸೇಜ್ ನಿಮಗೂ ಬಂದಿದ್ದರೆ ಮುಂದೆ ಕಳಿಸಬೇಡಿ.