ಗೋಡೆಯಿಂದ ಇಳಿಸಿದ ಕೌದಿ

ನಮ್ಮ ಹಾಲ್‌ನ ಗೋಡೆಯ ಮೇಲೆ ಎರಡು ವರ್ಷ ಒಂದು ಕೌದಿ, ಅಂದರೆ ಹಳೇ ಬಟ್ಟೆಯ ತುಂಡು ಸೇರಿಸಿ ಹೊಲಿದ ಹೊದಿಕೆ, ಇತ್ತು. ಗಾಜು ಹಾಕಿಸಿ, ತೇಗದ ಫ್ರೇಮ್ ಕಟ್ಟಿಸಿದ್ದೆ. ಮನೆಗೆ ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಿದ್ದರು. ಹೋದ ದೀಪಾವಳಿಗೆ ಅದನ್ನು ಇಳಿಸಿದೆ. ಈಗ ಪರಿಚಯದವರ ಮೂರ್ನಾಲ್ಕು ಮನೆಗಳಲ್ಲಿ ಇಂಟೀರಿಯರ್ ಕೆಲಸ ನಡೆಯುತ್ತಿದೆ. "ನಮ್ಮತನ ಕಾಣೋ ಹಾಗೆ ಏನಾದ್ರೂ ಹಾಕಬೇಕು, ಏನು ಹಾಕೋದು?" ಅಂತ ಎಲ್ಲರೂ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅದು ನಾನು ಹುಟ್ಟಿದಾಗ ಅಜ್ಜಿ ಹೊಲಿದ ಕೂಸಿನ ಕೌದಿ. ಹೆಚ್ಚೆಂದರೆ ಮೂರಡಿ ಅಗಲ, ನಾಲ್ಕಡಿ ಉದ್ದ. ರೋಣದ ಕಡೆ ನಮ್ಮೂರಲ್ಲಿ ಯಾರೂ ಹಳೇ ಬಟ್ಟೆ ಎಸೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ಹೊಲದ ಕೆಲಸ ಮುಗಿದ ಮೇಲೆ ಹೆಂಗಸರು ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದರು. ಅಜ್ಜಿ ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಿದ್ದಳು. ದಪ್ಪ ಬಿಳಿ ದಾರ, ಸಣ್ಣ ಸಣ್ಣ ಹೊಲಿಗೆ. ನನ್ನ ಕೌದಿಯ ಒಂದು ಮೂಲೆಯಲ್ಲಿ ಅಪ್ಪನ ಖಾಕಿ ಪ್ಯಾಂಟಿನ ತುಂಡಿದೆ. ಪಕ್ಕದಲ್ಲಿ ಅವ್ವನ ಕುಪ್ಪಸದ ಗುಳೇದಗುಡ್ಡ ಖಣ. ನಡುವೆ ಅಜ್ಜಿಯ ಇಳಕಲ್ ಸೀರೆ. ಆ ಸೀರೆಯಲ್ಲಿ ಮೈಯ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಎಳೆಯುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಕಣ್ಣು ಮುಚ್ಚಿ ಸವರಿದರೂ ಆ ಜೋಡಿನ ಗೆರೆ ಬೆರಳಿಗೆ ಸಿಗುತ್ತದೆ.

ಗಾಜಿನ ಹಿಂದೆ ಹೋದ ಮೇಲೆ ಆ ಗೆರೆ ಯಾರ ಬೆರಳಿಗೂ ಸಿಗಲಿಲ್ಲ. ನನಗೆ ಅದು ಹೊಳೆದೇ ಇರಲಿಲ್ಲ. ಅವ್ವ ಊರಿಂದ ಬಂದಳು. ಫ್ರೇಮಿನ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ, "ಹೊಚಗೊಳ್ಳಾಕ ಹೊಲದದ್ದವಾ ಇದು. ಕೂಸಿನ ಕೈಗೆ ಸಿಗದಂಗ ಯಾಕ ಇಟ್ಟೀ?" ಅಂದಳು.

ಮಗಳಿಗೆ ಆಗ ಆರು ವರ್ಷ. ತನ್ನ ಮುತ್ತಜ್ಜಿಯ ಕೌದಿಯನ್ನು ಅವಳು ಒಂದು ದಿನವೂ ಮುಟ್ಟಿರಲಿಲ್ಲ.

ಅವತ್ತಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮನೆಯಲ್ಲಿ ನೆನಪಿನ ವಸ್ತು ಇಡುವುದಾದರೆ ಅದು ಕೈಗೆ ಸಿಗಬೇಕು. ಅಜ್ಜಿಯ ಹಿತ್ತಾಳೆ ತಂಬಿಗೆ ಶೋಕೇಸಿನಲ್ಲಿ ಹೊಳೆಯುತ್ತ ಕೂರುವ ಬದಲು ಅದರಲ್ಲಿ ನೀರು ತುಂಬಿಡಿ. ಚನ್ನಪಟ್ಟಣದ ಆಟಿಕೆ ಮಕ್ಕಳ ಕೈಯಲ್ಲಿರಲಿ. ಬಣ್ಣ ಹಚ್ಚಿದ ಮರದ ಆಟಿಕೆ, ಮಕ್ಕಳು ಆಡಲೆಂದೇ ಮಾಡಿದ್ದು ಅಲ್ವಾ? ಸವೆಯುತ್ತದೆ, ನಿಜ. ಸವೆಯಲಿ.

ಪಕ್ಕದ ಫ್ಲಾಟಿನವರು ಸಾಗರದ ಕಡೆಯವರು, ದೀವರ ಮನೆತನ. ಅವರ ಗೋಡೆಯ ಮೇಲೆ ಹಸೆ ಚಿತ್ತಾರ ಇದೆ. ಚಿತ್ತಾರದ ಜಾಗ ಗೋಡೆಯೇ, ಅದನ್ನು ಹೊದ್ದುಕೊಳ್ಳೋಕೆ ಆಗಲ್ಲ. ಆದರೆ ಊರಲ್ಲಿ ಮದುವೆ ಬಂದಾಗ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಲ್ಲಿ ಹೊಸದಾಗಿ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ, ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಬರೆಯುತ್ತಾರೆ. ಈ ಅಕ್ಕ ಪ್ರತಿ ವರ್ಷ ಹುಣ್ಣಿಮೆಗೆ ಮುಂಚೆ ಮಗನನ್ನು ಕೂರಿಸಿಕೊಂಡು ಒಂದು ಹಲಗೆಯ ಮೇಲೆ ಮತ್ತೆ ಬರೆಯುತ್ತಾರೆ. ಹುಡುಗನ ಗೆರೆ ಸೊಟ್ಟ. ಅದನ್ನೇ ಬಾಗಿಲ ಎದುರಿಗೆ ಇಡುತ್ತಾರೆ. ನನಗೆ ತುಂಬಾ ಇಷ್ಟವಾದ ಮನೆ ಅದು.

ಹಳೇ ಬಾಗಿಲು, ಹಳೇ ಕಂಬ ಕೊಂಡು ತರುವುದು ತಪ್ಪು ಅನ್ನಲ್ಲ. ಚೆನ್ನಾಗಿ ಕಾಣುತ್ತವೆ. ಆದರೆ ಅದು ಯಾರದೋ ಮನೆಯ ಬಾಗಿಲು. ಅಂಥದ್ದಕ್ಕೆ ಸಾವಿರಾರು ರೂಪಾಯಿ ಕೊಡುವ ಮುಂಚೆ ಊರಿನ ಅಟ್ಟವನ್ನು ಒಂದು ಸಲ ಹುಡುಕಿ.

ಬಾಡಿಗೆ ಮನೆಯವರಿಗೆ ಮೊಳೆ ಹೊಡೆಯೋಕೆ ಓನರ್ ಬಿಡಲ್ಲ. ನಾವೂ ಒಂಬತ್ತು ವರ್ಷ ಹಾಗೇ ಇದ್ದೆವು. ಕೌದಿಗೆ, ನವಲಗುಂದದ ಜಮಖಾನಕ್ಕೆ ಮೊಳೆ ಬೇಡ. ಸೋಫಾ ಮೇಲೆ ಹಾಸಿದರೆ ಆಯಿತು. ನೇರ ಬಿಸಿಲು ಬೀಳುವ ಕಿಟಕಿಯ ಹತ್ತಿರ ಮಾತ್ರ ಇಡಬೇಡಿ, ಬಣ್ಣ ಹೋಗುತ್ತದೆ. ಮಡಚಿಟ್ಟರೆ ಆಗಾಗ ಮಡಿಕೆ ಬದಲಿಸಿ. ಅದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಬಟ್ಟೆ ಅಲ್ಲೇ ಸೀಳುತ್ತದೆ.

ಈಗ ಕೌದಿ ಸೋಫಾ ಮೇಲಿದೆ. ಮಗಳು ಅದನ್ನು ಹೊದ್ದುಕೊಂಡೇ ಹೋಮ್‌ವರ್ಕ್ ಮಾಡುತ್ತಾಳೆ. ಖಾಕಿ ತುಂಡಿಗೆ ಬೆರಳಿಟ್ಟು "ಇದು ಅಜ್ಜಂದು" ಅನ್ನುತ್ತಾಳೆ. ಅಜ್ಜನನ್ನು ಅವಳು ನೋಡಿಯೇ ಇಲ್ಲ.

ಒಂದು ಮೂಲೆ ಹರಿದಿದೆ. ಫೋನಿನಲ್ಲಿ ಹೇಳಿದಾಗ ಅವ್ವ ಬೇಜಾರಾಗಲಿಲ್ಲ. "ಬ್ಯಾಸಗಿಗೆ ಬರ್ತೀನಿ, ಹಳೇ ಅರಿವಿ ತಗದಿಡು" ಅಂದಳು. ಮಗಳ ಒಂದನೇ ಕ್ಲಾಸಿನ ಯೂನಿಫಾರಂ ಚಿಕ್ಕದಾಗಿದೆ, ನೀಲಿ ಚೌಕುಳಿಯದು. ಒಗೆದು, ಒಣಗಿಸಿ, ತೆಗೆದಿಟ್ಟಿದ್ದೇನೆ.