ಸನ್ನೆ ಕದ್ದವರಿಗೆ ಚೆಂಡಿನೇಟು: ಬೇಸ್‌ಬಾಲ್‌ನ ಅಲಿಖಿತ ನ್ಯಾಯ ಉಳಿಯಬೇಕೇ?

ಪರ: ಕಮಿಷನರ್ ಕೈಚೆಲ್ಲಿದರೆ ಇನ್ನಾರು ಕೇಳಬೇಕು?

ಬೇಸ್‌ಬಾಲ್‌ನಲ್ಲಿ ಹಳೆಯದೊಂದು ಅಲಿಖಿತ ಕಟ್ಟಳೆಯಿದೆ: ಎದುರಾಳಿ ತಂಡ ಕೆಣಕಿದರೆ ಪಿಚರ್, ಅಂದರೆ ಚೆಂಡೆಸೆಯುವವನು, ಅದರ ಬ್ಯಾಟರ್‌ನ ಮೈಗೆ ಬೇಕೆಂದೇ ಚೆಂಡೆಸೆದು ಸೇಡು ತೀರಿಸುತ್ತಾನೆ. ಆದರೆ ಸನ್ನೆ ಕದಿಯುವುದೆಲ್ಲ ಪಾಪವಲ್ಲ. ಬ್ಯಾಟರ್‌ನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಕುಕ್ಕರಗಾಲಿನಲ್ಲಿ ಕುಳಿತು, ಮುಂದಿನ ಎಸೆತ ಯಾವುದೆಂದು ಬೆರಳುಗಳಲ್ಲಿ ಪಿಚರ್‌ಗೆ ತಿಳಿಸುತ್ತಾನೆ. ಪಿಚರ್‌ನ ಬೆನ್ನ ಹಿಂದಿನ ಎರಡನೆಯ ಬೇಸ್‌ನಲ್ಲಿ (ರನ್‌ಗಾಗಿ ಓಡುವವನು ಮುಟ್ಟುತ್ತ ಹೋಗಬೇಕಾದ ನೆಲೆ) ನಿಂತ ಎದುರಾಳಿ ಅದನ್ನು ಕಣ್ಣಾರೆ ಓದಿ ತನ್ನ ಬ್ಯಾಟರ್‌ಗೆ ಸುಳಿವು ಕೊಟ್ಟರೆ ಅದು ಜಾಣತನ. ಸನ್ನೆ ಬದಲಿಸದ ತಂಡವೇ ತನ್ನನ್ನು ಬೈದುಕೊಳ್ಳಬೇಕು. ದೂರದರ್ಶಕವೋ ಕ್ಯಾಮೆರಾವೋ ನಡುವೆ ಬಂದಾಗ ಮಾತ್ರ ಅದು ಮೋಸ.

2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡ ಮಾಡಿದ್ದು ಈ ಎರಡನೆಯದನ್ನು. ಸೆಂಟರ್ ಫೀಲ್ಡ್‌ನ ಕ್ಯಾಮೆರಾ ಚಿತ್ರವನ್ನು ಡಗ್‌ಔಟ್ ಪಕ್ಕದ ಪರದೆಯಲ್ಲಿ ನೋಡುವುದು, ಸನ್ನೆ ಬಿಡಿಸುವುದು, ಕಸದ ಡಬ್ಬಿ ಬಡಿಯುವುದು. ಸದ್ದು ಕೇಳಿದರೆ ನಿಧಾನದ ಅಥವಾ ತಿರುಗುವ ಎಸೆತ, ಕೇಳದಿದ್ದರೆ ವೇಗದ್ದು. ಇಷ್ಟು ದುಬಾರಿ ಆಟದ ದೊಡ್ಡ ಹಗರಣಕ್ಕೆ ಕಸದ ಡಬ್ಬಿಯೇ ವಾದ್ಯವಾಯಿತು! ಆ ವರ್ಷ ಅವರು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವನ್ನು ಏಳು ಪಂದ್ಯಗಳ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ವರ್ಷದ ಪಟ್ಟದ ಅಂತಿಮ ಸರಣಿಯಲ್ಲಿ, ಸೋಲಿಸಿದರು.

2020ರ ಜನವರಿಯಲ್ಲಿ ಮೇಜರ್ ಲೀಗ್ ಬೇಸ್‌ಬಾಲ್‌ನ ಮುಖ್ಯಸ್ಥ, ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ತೀರ್ಪು ಕೊಟ್ಟರು. ತಂಡಕ್ಕೆ 50 ಲಕ್ಷ ಡಾಲರ್ ದಂಡ, ನಾಲ್ಕು ಡ್ರಾಫ್ಟ್ ಆಯ್ಕೆಗಳ (ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕಿನ) ನಷ್ಟ, ತಂಡ ಕಟ್ಟುವ ಜನರಲ್ ಮ್ಯಾನೇಜರ್ ಮತ್ತು ಮೈದಾನದಲ್ಲಿ ಅದನ್ನು ನಡೆಸುವ ಮ್ಯಾನೇಜರ್ ಇಬ್ಬರಿಗೂ ಒಂದು ವರ್ಷದ ಅಮಾನತು. ಡಬ್ಬಿಯ ಸದ್ದು ಕೇಳಿ ಬ್ಯಾಟ್ ಬೀಸಿದ ಆಟಗಾರರಿಗೆ ಏನೂ ಇಲ್ಲ. ಸತ್ಯ ಹೇಳಿದರೆ ಶಿಕ್ಷೆಯಿಲ್ಲವೆಂಬ ಒಪ್ಪಂದದಲ್ಲಿ ಅವರು ಪಾರಾದರು. ಪಟ್ಟವೂ ಅವರ ಬಳಿಯೇ ಉಳಿಯಿತು. ಆ ಟ್ರೋಫಿಯನ್ನು ಮ್ಯಾನ್‌ಫ್ರೆಡ್ ಬರೀ ಲೋಹದ ತುಂಡೆಂದು ಕರೆದು, ಬಳಿಕ ಕ್ಷಮೆ ಕೇಳಬೇಕಾಯಿತು.

ಕೋವಿಡ್‌ನಿಂದಾಗಿ ಆ ವರ್ಷ ಕ್ರೀಡಾಂಗಣಗಳು ಖಾಲಿ. ಪ್ರೇಕ್ಷಕರ ಛೀಮಾರಿಯೂ ಅವರಿಗೆ ತಪ್ಪಿತು. ಜುಲೈ 28ರಂದು ಡಾಡ್ಜರ್ಸ್‌ನ ಜೋ ಕೆಲ್ಲಿ, ಅಲೆಕ್ಸ್ ಬ್ರೆಗ್‌ಮನ್ ಹಿಂಬದಿಗೆ ಚೆಂಡೆಸೆದು, ಕಾರ್ಲೋಸ್ ಕೊರಿಯಾನನ್ನೂ ಬೆದರಿಸಿದಾಗ, ಆ ಇಬ್ಬರಿಗೂ ಯಾರಾದರೂ ಲೆಕ್ಕ ಕೇಳಿದಂತಾಯಿತು. ಇಬ್ಬರೂ 2017ರ ತಂಡದವರೇ. ಕೆಲ್ಲಿಗೆ ಸಿಕ್ಕಿದ್ದು ಎಂಟು ಪಂದ್ಯಗಳ ಅಮಾನತು, ಬಳಿಕ ಅದು ಐದಕ್ಕಿಳಿಯಿತು. ಮೋಸದ ಲಾಭ ಉಂಡವರಿಗೆ ಒಂದು ದಿನವೂ ಇಲ್ಲ, ಅದನ್ನು ಪ್ರಶ್ನಿಸಿದವನಿಗೆ ಐದು ಪಂದ್ಯ.

ಕೆಲ್ಲಿಯ ಚೆಂಡು ತಲೆಯ ಎತ್ತರದಲ್ಲಿ ಹೋಯಿತು ಎಂಬುದು ನನಗೂ ಸರಿಕಾಣುವುದಿಲ್ಲ. ಹಳಬರ ಕಟ್ಟಳೆಯೂ ಅದನ್ನು ಒಪ್ಪುವುದಿಲ್ಲ: ಪಕ್ಕೆಗೆ, ತೊಡೆಗೆ, ಒಂದೇ ಬಾರಿ, ಅಲ್ಲಿಗೆ ವ್ಯಾಜ್ಯ ಮುಗಿಯಬೇಕು. ಪೆಟ್ಟು ತಿಂದವನಿಗೆ ಮೊದಲ ಬೇಸ್ ಪುಕ್ಕಟೆ ಸಿಗುವುದರಿಂದ ಎಸೆದ ತಂಡವೂ ಬೆಲೆ ತೆರುತ್ತದೆ. ಕಚೇರಿಯ ನ್ಯಾಯದಲ್ಲಿ ಆಟಗಾರ ಬೆಲೆ ತೆರುವುದು ಎಲ್ಲಿದೆ?

ವಿರೋಧ: ಏಟು ಬೀಳುವುದು ಯಾರ ಮೈಗೆ?

ಕೆಲ್ಲಿಯ ಕಥೆಯನ್ನು ಪದೇ ಪದೇ ಹೇಳುತ್ತಾರೆ, ಏಕೆಂದರೆ ಅಲ್ಲಿ ಗುರಿಯಾದವರು ಆರೋಪಿಗಳೇ ಆಗಿದ್ದರು. ಅಂಥದ್ದು ಅಪರೂಪ. ಮೂರು ವಾರ ದಾಟುವಷ್ಟರಲ್ಲೇ ಟೆಕ್ಸಾಸ್‌ನಲ್ಲಿ ನಡೆದದ್ದನ್ನು ನೋಡಿ. ಸ್ಯಾನ್ ಡಿಯಾಗೊ ಏಳು ರನ್ ಮುಂದಿತ್ತು. ತರುಣ ಫರ್ನಾಂಡೊ ಟಾಟಿಸ್ ಜೂನಿಯರ್, ಹಿರಿಯರ ಪ್ರಕಾರ ಸುಮ್ಮನೆ ಬಿಡಬೇಕಾಗಿದ್ದ ಎಸೆತಕ್ಕೆ ಬ್ಯಾಟ್ ಬೀಸಿ ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ಹೊಡೆತಕ್ಕೆ ನಾಲ್ಕು ರನ್) ಹೊಡೆದ. ಮುಂದಿನ ಚೆಂಡು ಹೋದದ್ದು ಅವನ ಬಳಿಗಲ್ಲ, ಅವನ ಬಳಿಕ ಬಂದ ಮ್ಯಾನಿ ಮಚಾಡೊನ ಬೆನ್ನ ಹಿಂದಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಟಾಟಿಸ್ ಮಾಡಿದ ಅಪರಾಧವಾದರೂ ಏನು? ಚೆನ್ನಾಗಿ ಆಡಿದ್ದು.

ಕ್ಯಾಮೆರಾ ಇಟ್ಟು ಕದ್ದವನಿಗೂ ಸಂಭ್ರಮಿಸಿದವನಿಗೂ ಒಂದೇ ಶಿಕ್ಷೆ ಕೊಡುವ ಕಟ್ಟಳೆಯನ್ನು ನ್ಯಾಯವೆನ್ನಲು ನನಗೆ ಮನಸ್ಸು ಬರುವುದಿಲ್ಲ. 2015ರ ಅಕ್ಟೋಬರ್‌ನಲ್ಲಿ ಟೊರೊಂಟೊದ ಹೊಸೆ ಬೌಟಿಸ್ಟಾ ಟೆಕ್ಸಾಸ್ ವಿರುದ್ಧ ಹೋಮ್ ರನ್ ಹೊಡೆದು ಬ್ಯಾಟ್ ಎಸೆದು ಮೆರೆದ. ಟೆಕ್ಸಾಸ್ ಏಳು ತಿಂಗಳು ಕಾದು, ಮರುವರ್ಷದ ಮೇ ತಿಂಗಳಲ್ಲಿ ಅವನಿಗೆ ಚೆಂಡೆಸೆಯಿತು. ಎಸೆದ ಮ್ಯಾಟ್ ಬುಷ್ ಆ ಅಕ್ಟೋಬರ್‌ನಲ್ಲಿ ತಂಡದಲ್ಲೇ ಇರಲಿಲ್ಲ. ಪೆಟ್ಟಿನ ಹಿಂದೆಯೇ ಎರಡನೆಯ ಬೇಸ್‌ನತ್ತ ಬೌಟಿಸ್ಟಾನ ಒರಟಾದ ಜಾರಾಟ, ಅದರ ಹಿಂದೆ ಟೆಕ್ಸಾಸ್‌ನ ರೂಗ್ನೆಡ್ ಒಡೋರ್‌ನ ಮುಷ್ಟಿ ಬೌಟಿಸ್ಟಾನ ದವಡೆಗೆ. ಒಂದೇ ಪೆಟ್ಟಿಗೆ ವ್ಯಾಜ್ಯ ಮುಗಿಯುತ್ತದೆ ಎಂದಿರಲ್ಲವೇ?

ಪಕ್ಕೆಗೆ ಎಸೆಯುತ್ತೇವೆಂಬ ಸಮಾಧಾನವೂ ಬೇಡ. ಗಂಟೆಗೆ 150 ಕಿಲೋಮೀಟರ್ ದಾಟುವ ಚೆಂಡು ಬ್ಯಾಟರ್‌ನನ್ನು ತಲುಪಲು ಅರ್ಧ ಸೆಕೆಂಡೂ ಬೇಡ. ಕ್ರಿಕೆಟ್‌ನ ಬೌನ್ಸರ್‌ನಂತೆ ನೆಲಕ್ಕೆ ಬಡಿದು ವೇಗ ಕಳೆದುಕೊಳ್ಳುವುದೂ ಇಲ್ಲ. 1920ರ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ರೇ ಚಾಪ್‌ಮನ್ ತಲೆಗೆ ಚೆಂಡು ಬಡಿದು ಮರುದಿನ ಸತ್ತ. ಎಸೆದ ಕಾರ್ಲ್ ಮೇಸ್‌ಗೆ ಆ ಉದ್ದೇಶವಿತ್ತೆಂದು ಸಾಬೀತಾಗಲಿಲ್ಲ. ಉದ್ದೇಶವಿಲ್ಲದೆಯೂ ಕೊಲ್ಲಬಲ್ಲ ವಸ್ತುವನ್ನು ಉದ್ದೇಶಪೂರ್ವಕವಾಗಿ ಮನುಷ್ಯನ ಮೈಗೆ ಎಸೆಯಬೇಕೇ?

ಇನ್ನು ಆಸ್ಟ್ರೋಸ್ ಪ್ರಕರಣವನ್ನೇ ತೆಗೆದುಕೊಳ್ಳೋಣ. ಅದನ್ನು ಬಯಲಿಗೆಳೆದದ್ದು ಚೆಂಡಲ್ಲ, ಮಾತು. 2017ರಲ್ಲಿ ಅದೇ ತಂಡದಲ್ಲಿದ್ದ ಪಿಚರ್ ಮೈಕ್ ಫೈಯರ್ಸ್ 2019ರ ನವೆಂಬರ್‌ನಲ್ಲಿ ತನ್ನ ಹೆಸರಿಟ್ಟುಕೊಂಡೇ ಪತ್ರಕರ್ತರಿಗೆ ಎಲ್ಲವನ್ನೂ ಹೇಳಿದ. ಬಳಿಕ ಬೋಸ್ಟನ್‌ನ ಮಾಜಿ ತಾರೆ ಡೇವಿಡ್ ಒರ್ಟಿಜ್ ಅವನನ್ನು ಚಾಡಿಕೋರನೆಂಬ ಅರ್ಥದಲ್ಲಿ ಜರಿದರು. ಡ್ರೆಸ್ಸಿಂಗ್ ರೂಮಿನ ಮಾತು ಹೊರಗೆ ಹೋಗಬಾರದು ಎಂಬುದೂ ಅಲಿಖಿತ ನಿಯಮವೇ ತಾನೇ? ಎರಡು ವರ್ಷ ಆ ಕಳ್ಳತನವನ್ನು ಮುಚ್ಚಿಟ್ಟದ್ದು ಈ ಕಟ್ಟಳೆಯೇ. ಕಳ್ಳನನ್ನು ಹಿಡಿಯುವ ಶ್ರೇಯಸ್ಸನ್ನೂ ಅದಕ್ಕೇ ಕೊಡುವುದು ಅತಿಯಾಯಿತು.

ಮ್ಯಾನ್‌ಫ್ರೆಡ್ ಆಟಗಾರರನ್ನು ಬಿಟ್ಟದ್ದು ತಪ್ಪು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಪರಿಹಾರ ಬೇರೆ ಕಡೆಯಿಂದ ಬಂತು: 2022ರಿಂದ ಪಿಚ್‌ಕಾಮ್ ಎಂಬ ಸಾಧನದ ಗುಂಡಿ ಒತ್ತಿದರೆ ಎಸೆತದ ಹೆಸರು ಪಿಚರ್‌ನ ಕಿವಿಗೇ ಬೀಳುತ್ತದೆ. ಕದಿಯಲು ಬೆರಳುಗಳೇ ಇಲ್ಲ. ಅದೇ ವರ್ಷದಿಂದ ಅಮೆರಿಕನ್, ನ್ಯಾಷನಲ್ ಎಂಬ ಎರಡೂ ಲೀಗ್‌ಗಳಲ್ಲಿ ಪಿಚರ್ ಸಾಮಾನ್ಯವಾಗಿ ಬ್ಯಾಟ್ ಹಿಡಿಯುವುದೂ ಇಲ್ಲ. ಅಂದರೆ ಎದುರಾಳಿಯ ಮೈಗೆ ಎಸೆದವನು ತಾನು ಬ್ಯಾಟರ್ ಆಗಿ ನಿಂತು ಏಟಿಗೆ ಒಡ್ಡಿಕೊಳ್ಳಬೇಕಾಗಿದ್ದ ಹಳೆಯ ಭಯವೂ ಹೋಯಿತು. ಈಗ ಅವನ ಸೇಡಿಗೆ ಸಹ ಆಟಗಾರರು ಮೈಯೊಡ್ಡಬೇಕು. ಮೊದಲು ಆಗಬೇಕಾದದ್ದು ಅಮಾನತಿನ ಲೆಕ್ಕದ ತಿದ್ದುಪಡಿ. ಆರಂಭಿಕ ಪಿಚರ್ ಹೇಗೂ ನಾಲ್ಕೈದು ದಿನಕ್ಕೊಮ್ಮೆ ಎಸೆಯುವವನು. ಐದು ಪಂದ್ಯ ಹೊರಗಿಟ್ಟರೆ ಅವನಿಗೆ ತಪ್ಪುವುದು ಹೆಚ್ಚೆಂದರೆ ಒಂದು ಸರದಿ. ಅವನ ಶಿಕ್ಷೆಯನ್ನು ಪಂದ್ಯಗಳಲ್ಲಲ್ಲ, ಸರದಿಗಳಲ್ಲಿ ಎಣಿಸಲಿ.