ಕೊಡುವಾಗ ಒಂದು ಸ್ಕ್ಯಾನ್, ಪಡೆಯುವಾಗ ಏಳು ಝೆರಾಕ್ಸ್

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬಂಗಡೆ ಕೊಳ್ಳುವವನ ಪ್ಯಾನ್ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ. ಬುಟ್ಟಿಯ ಪಕ್ಕ ಕ್ಯೂಆರ್ ಫಲಕ, ಒಂದು ಸ್ಕ್ಯಾನ್, ಡಬ್ಬಿ ಕೂಗುತ್ತದೆ, ವ್ಯವಹಾರ ಮುಗಿಯಿತು. ಮದುವೆ ಹಾಲಿನ ಮುಂಗಡ, ಕಾಲೇಜಿನ ಡಿಪಾಸಿಟ್, ಪ್ರವಾಸದ ಶುಲ್ಕ ಕಟ್ಟಿಸಿಕೊಳ್ಳುವಾಗಲೂ ಇದೇ ಚುರುಕು. ಆದರೆ ಅದೇ ಹಣ ವಾಪಸ್ ಕೊಡುವ ದಿನ ಬರಲಿ, ನೀವು ನೀವೇ ಹೌದೋ ಅಲ್ಲವೋ ಎಂಬ ಗಂಭೀರ ಅನುಮಾನ ಶುರುವಾಗುತ್ತದೆ.

ಆ ಸಂದೇಶ ನಿಮಗೂ ಬಂದೇ ಇರುತ್ತದೆ. 'ರಿಫಂಡ್ ಬೇಕಾದವರು ಪಾಸ್‌ಬುಕ್ಕಿನ ಮೊದಲ ಪುಟ, ಆಧಾರ್ ಎರಡೂ ಬದಿ, ಪ್ಯಾನ್, ಸಹಿ ಮಾಡಿದ ಕ್ಯಾನ್ಸಲ್ ಚೆಕ್, ಎಟಿಎಂ ಕಾರ್ಡಿನ ಫೋಟೊ ಇದೇ ಗ್ರೂಪಿಗೆ ಹಾಕಿ.' ಇದೇ ಗ್ರೂಪಿಗೆ! ಪಾರದರ್ಶಕತೆ ಎಂದರೆ ಹೀಗಿರಬೇಕು ಮಾರಾಯ್ರೆ. ಇನ್ನೂರು ಜನ ಸದಸ್ಯರು, ಅದರಲ್ಲಿ ನೂರು ಜನ ಯಾರೆಂದು ಅಡ್ಮಿನ್‌ಗೇ ಗೊತ್ತಿಲ್ಲ.

ನಿಮ್ಮ ಖಾತೆಗೆ ಹಣ ಹಾಕಲು ಬೇಕಾದದ್ದು ಮೂರೇ: ಪಾಸ್‌ಬುಕ್ಕಿನಲ್ಲಿ ಇರುವಂತೆ ಹೆಸರು, ಖಾತೆ ಸಂಖ್ಯೆ, ಬ್ಯಾಂಕ್ ಶಾಖೆಯ ಕೋಡಾದ ಐಎಫ್‌ಎಸ್‌ಸಿ. ಈ ಮೂರನ್ನು ಹಿಡಿದುಕೊಂಡು ಖಾತೆಗೆ ಹಣ ಹಾಕಬಹುದು, ತೆಗೆಯಲು ಆಗುವುದಿಲ್ಲ. ಕಾರ್ಡಿನ ಮೇಲಿನ ಸಂಖ್ಯೆಗೂ ಹಣ ಬರುವುದಕ್ಕೂ ಸಂಬಂಧವಿಲ್ಲ. ಹಿಂಬದಿಯ ಆ ಮೂರಂಕಿ ಸಿವಿವಿಗಂತೂ ಹಣ ಹೊರಗೆ ಕಳಿಸುವ ಕೆಲಸ ಬಿಟ್ಟು ಬೇರೆ ಕೆಲಸವೇ ಇಲ್ಲ. ಕ್ಯಾನ್ಸಲ್ ಚೆಕ್ಕಿಗೆ ಅಡ್ಡಲಾಗಿ ಎರಡು ಗೆರೆ ಎಳೆದು, ನಡುವೆ 'ಕ್ಯಾನ್ಸಲ್ಡ್' ಎಂದು ಬರೆದರೆ ಸಾಕು, ಸಹಿ ಬೇಡ. ರದ್ದು ಮಾಡಿದ ಚೆಕ್ಕಿಗೆ ಸಹಿ ಕೇಳುವವರು ನಿಮ್ಮ ಸಹಿಯ ಮಾದರಿಯನ್ನು ಪುಕ್ಕಟೆ ಸಂಗ್ರಹಿಸುತ್ತಿದ್ದಾರೆ ಅಷ್ಟೆ.

ಐಎಫ್‌ಎಸ್‌ಸಿಯದ್ದೇ ಒಂದು ಪುರಾಣ. ಒಟ್ಟು ಹನ್ನೊಂದು ಅಕ್ಷರ. ಮೊದಲ ನಾಲ್ಕು ಬ್ಯಾಂಕಿನದ್ದು, ಕೊನೆಯ ಆರು ಶಾಖೆಯದ್ದು, ನಡುವಿನ ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ 'ಓ' ಎಂದು ಟೈಪು ಮಾಡಿ, ಹಣ ಹೋಗದಿದ್ದಾಗ 'ನಿಮ್ಮ ಬ್ಯಾಂಕಿನಲ್ಲೇ ಏನೋ ಪ್ರಾಬ್ಲಮ್' ಎನ್ನುವ ಗುಮಾಸ್ತರು ಪ್ರತಿ ಕಚೇರಿಯಲ್ಲೂ ಇದ್ದಾರೆ. ನಮ್ಮ ಕಡೆಯ ಅಜ್ಜಂದಿರ ಟ್ರಂಕಿನಲ್ಲಿರುವ ಪಾಸ್‌ಬುಕ್ಕುಗಳೋ, ಅರ್ಧಕ್ಕರ್ಧ ಇಲ್ಲವಾದ ಬ್ಯಾಂಕುಗಳವು. ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಾಕ್ಕೆ ಸೇರಿತು. ಸಿಂಡಿಕೇಟ್ 2020ರ ಏಪ್ರಿಲ್ 1ಕ್ಕೆ ಕೆನರಾ ಆಯಿತು, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಆಯಿತು. ಸಿಂಡಿಕೇಟಿನ ಹಳೇ ಕೋಡು 2021ರ ಜುಲೈ 1ರಿಂದ ಸತ್ತಿದೆ. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್. ಅಡಿಕೆ ತೋಟಕ್ಕೆ ಕೊಳೆರೋಗ ಬಂದದ್ದು ಎಂಟು ದಿನದಲ್ಲಿ ಕಣ್ಣಿಗೆ ಬೀಳುತ್ತದೆ, ಬ್ಯಾಂಕಿನ ಹೆಸರು ಬದಲಾದದ್ದು ಐದು ವರ್ಷವಾದರೂ ಆ ಟ್ರಂಕಿಗೆ ತಿಳಿಯುವುದಿಲ್ಲ. ಕೋಡನ್ನು ಹೊಸ ಪಾಸ್‌ಬುಕ್ಕಿನಿಂದಲೇ ಬರೆಯಿರಿ.

ಇನ್ನು ಹೆಸರು. ಶಿರಸಿಯಲ್ಲಿ ನಿಂತು 'ಗಣಪತಿ ಹೆಗಡೆರೇ' ಎಂದು ಕರೆದರೆ ಅರ್ಧ ಪೇಟೆ ತಿರುಗಿ ನೋಡುತ್ತದೆ. ಆ ಅರ್ಧ ಪೇಟೆಯಲ್ಲೂ ಇಂಗ್ಲಿಷಿನಲ್ಲಿ ಒಬ್ಬರ ಹೆಗಡೆಯ 'ಗ'ದ ಮುಂದೆ 'ಎ' ಇದೆ, ಇನ್ನೊಬ್ಬರದ್ದಕ್ಕಿಲ್ಲ. ಭಟ್ಟರಿಗೆ ಒಂದು 'ಟಿ'ಯೋ ಎರಡೋ ಎಂಬುದನ್ನು ಭಟ್ಟರೇ ತೀರ್ಮಾನಿಸಿಲ್ಲ. ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ, ಪಾಸ್‌ಬುಕ್ಕಿನಲ್ಲಿ ಬರೀ ಇನಿಶಿಯಲ್, ರಸೀತಿಯಲ್ಲಿ ಊರಿನ ಹೆಸರೂ ಸೇರಿದೆ. ಇದನ್ನು ಕಂಡು ಕಚೇರಿ ಅಫಿಡವಿಟ್ಟು ಕೇಳುತ್ತದೆ. ತಮಾಷೆ ಎಂದರೆ, ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್‌ನಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆಯ ಮೇಲೆ, ಹೆಸರನ್ನು ತಾಳೆ ನೋಡಿ ಅಲ್ಲ. ಹೆಗಡೆಯ ಒಂದು 'ಎ'ಗೆ ಮೂರು ವಾರ ಕೂದಲು ಸೀಳಿದವರು ಸಂಖ್ಯೆಯ ಒಂದು ಅಂಕಿ ತಪ್ಪು ಒತ್ತಿದರೆ, ಆ ಸಂಖ್ಯೆಯ ಖಾತೆ ಇನ್ಯಾರದ್ದೋ ಇದ್ದರೆ, ದುಡ್ಡು ಅವರಿಗೆ. 2025ರ ಏಪ್ರಿಲ್‌ನಿಂದ ಕಳಿಸುವ ಮುಂಚೆ ಖಾತೆದಾರನ ಹೆಸರು ನೋಡುವ ಸೌಲಭ್ಯವನ್ನು ಬ್ಯಾಂಕುಗಳು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅಷ್ಟೂ ಆಗದಿದ್ದರೆ ಒಂದು ರೂಪಾಯಿ ಕಳಿಸಿ, ಬಂತಾ ಎಂದು ಕೇಳಿ. ಒಂದು ರೂಪಾಯಿ! ಅಫಿಡವಿಟ್ಟಿನ ಕಾಗದಕ್ಕೂ ಸಾಲದ ದುಡ್ಡು.

ಆಧಾರ್ ಕೊಡಲೇಬೇಕೆಂದು ಹಟ ಹಿಡಿದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಪ್ರತಿ ಆಧಾರ್ ಕೊಡುವ ಯುಐಡಿಎಐ ತಾಣದಲ್ಲಿ ಸಿಗುತ್ತದೆ. 'ರಿಫಂಡಿಗೆ ಮಾತ್ರ' ಎಂದು ಅದರ ಮೈಮೇಲೆ ಅಡ್ಡಲಾಗಿ ಬರೆದು ತಾರೀಖು ಹಾಕಿ. ಪಾಸ್‌ಬುಕ್ ಝೆರಾಕ್ಸ್ ಮಾಡಿಸುವಾಗ ಫೋಟೊ, ಜನ್ಮದಿನಾಂಕ, ಫೋನ್ ನಂಬರಿನ ಸಾಲುಗಳ ಮೇಲೆ ಕಾಗದದ ಪಟ್ಟಿ ಇಡಿ. ಬೆರಳಚ್ಚು ಕೊಟ್ಟು ಆಧಾರಿನಲ್ಲಿ ಹಣ ತೆಗೆಯುವ ವ್ಯವಸ್ಥೆ ಇದೆಯಲ್ಲ, 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಿಂದ ಹೆಬ್ಬೆರಳಿನ ಗುರುತು ಎತ್ತಿ ಅದರಲ್ಲಿ ದುಡ್ಡು ಹೊಡೆದ ದೂರುಗಳು ಬಂದವು. ಆಧಾರ್ ಆ್ಯಪಿನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಡಲು ಖರ್ಚೇನಿಲ್ಲ.

ಇನ್ನು ನಗು ಬರುವುದಿಲ್ಲ. ಕುಮಟೆಯ ಎಪ್ಪತ್ತು ವರ್ಷದ ಅಜ್ಜಿಗೆ, ತನ್ನದೇ ದುಡ್ಡು ವಾಪಸ್ ಬರಬೇಕಾದರೆ ಕೇಳಿದ್ದೆಲ್ಲ ಕೊಡಬೇಕು ಎಂದು ಕಲಿಸಿದವರು ಯಾರು? ಕಳ್ಳನಲ್ಲ. ಕಚೇರಿಗಳು. ವರ್ಷಗಟ್ಟಲೆ ಕಾರ್ಡಿನ ಫೋಟೊ ಕೇಳಿದಿರಿ, ಆಕೆ ಕೊಟ್ಟಳು. ನಾಳೆ 'ರಿಫಂಡ್ ಸೆಕ್ಷನ್ನಿಂದ' ಎಂದು ಫೋನ್ ಬಂದರೆ ಅವನಿಗೂ ಕೊಡುತ್ತಾಳೆ. ಆಮೇಲೆ ನೀವೇ ಬಂದು ಜಾಗೃತಿ ಸಪ್ತಾಹದಲ್ಲಿ ಭಾಷಣ ಮಾಡುತ್ತೀರಿ. ನಾಚಿಕೆಯಾಗಬೇಕು.

ಕಳ್ಳನ ಕೆಲಸ ಸಲೀಸು. ಅವನು ಝೆರಾಕ್ಸ್ ಕೇಳುವುದಿಲ್ಲ, 'ಹಣ ಪಡೆಯಲು' ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾನೆ. ಯುಪಿಐ ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಯಾವ ಕಾಲಕ್ಕೂ ಬರುವುದಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ 'ಹಣ ಕಳಿಸಿ' ಎಂಬ ಕಲೆಕ್ಟ್ ಕೋರಿಕೆ 2025ರ ಅಕ್ಟೋಬರ್ 1ರಿಂದ ಬಂದ್ ಆದಮೇಲೂ ಕ್ಯೂಆರ್ ಆಟ ನಡೆದೇ ಇದೆ. ಅಂಗಡಿಗೆ ಕೊಟ್ಟ ಯುಪಿಐ ಹಣ ನಡುವೆ ಸಿಕ್ಕಿಬಿದ್ದರೆ ಐದು ದಿನದೊಳಗೆ ತಾನಾಗಿಯೇ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು 2019ರ ನಿಯಮ. ಅದಕ್ಕೆ ಯಾರಿಗೂ ಯಾವ ವಿವರವನ್ನೂ ಕೊಡಬೇಕಿಲ್ಲ, ಗೂಗಲ್ಲಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುವುದಂತೂ ಬೇಡವೇ ಬೇಡ. ಕಳ್ಳನಿಗೆ ಹಣ ಹೋಗಿಯೇಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇತ್ತ ಝೆರಾಕ್ಸ್ ಅಂಗಡಿಯಲ್ಲಿ ಓರೆಯಾಗಿ ಬಂದ ಪ್ರತಿಗಳು ಮೇಜಿನ ಕೆಳಗಿನ ರಟ್ಟಿನ ಡಬ್ಬಿಗೆ ಬೀಳುತ್ತವೆ. ಡಬ್ಬಿ ತುಂಬಿದಾಗ ರದ್ದಿಗೆ ಹೋಗಿ, ಅಲ್ಲಿಂದ ಕಡಲತೀರದ ಶೇಂಗಾ ಗಾಡಿಗೆ. ಪೊಟ್ಟಣ ಬಿಚ್ಚಿದರೆ ಒಳಗೆ ಯಾರದ್ದೋ ಖಾತೆ ಸಂಖ್ಯೆ, ಅದರ ಕೆಳಗೆ ಸಹಿ, ಮೇಲೆ ಉಪ್ಪು.